ಖಾನಾವಳ್ಯಾಗಿನ ರೊಟ್ಟಿ ಕಟ್ಟಿ

ನಮ್ಮ ಸೊಸಿ ಮ್ಯಾಲಿನ ಖೋಲ್ಯಾಗ ಕುಂತು ಇಂಗ್ಲಂಡಿನ ಹೊಟೇಲ್ ಕಟ್ಟಾಕತ್ತಾಳ ಅಂದ್ರ ಓಣ್ಯಾಗಿನವರು ನಗತಿದ್ರು. ಖರೇ ಹೇಳಬೇಕಂದ್ರ ನಾನೂ ನಕ್ಕಾಕಿನ. ಮುಂಜಾನಿ ಹತ್ತಕ್ಕ ಲ್ಯಾಪ್‌ಟಾಪ್ ತಗದ್ಲಂದ್ರ ಸಂಜಿ ತನಕ ಮೌಸ್ ಕಟಕಟ ಅನಿಸ್ಕೋತ ಕುಂದರತಾಳ. ಒಂದಿನ ಚಾ ಕೊಡಾಕ ಹೋದಾಗ ನೋಡಿದ್ರ ಪರದೆ ಮ್ಯಾಲ ಕುರ್ಚಿ, ಬಾಗಲಾ, ದೀಪ ಎಲ್ಲಾ ಗರಗರ ತಿರಗಾಕತ್ತಿದ್ದುವು. ಆಟ ಆಡಾಕತ್ತಾಳೋ ಏನೋ ಅನ್ಕೊಂಡೆ.

"ಏನ್ ಬೇ ಇದು?" ಅಂದೆ.

"ಬಿಮ್ ರೀ ಅತ್ತಿ" ಅಂದ್ಲು.

ನನಗ ಬೀಮ್ ಅಂತ ಕೇಳಿಸ್ತು. "ಒಂದು ತೊಲಿ ತಗೊಂಡು ಇಷ್ಟ್ ದಿನಾ ಏನ್ ಮಾಡ್ತಿ?" ಅಂದೆ. ಆಕಿ ನಕ್ಕು ಪಕ್ಕಕ್ಕ ಕುಂದ್ರಿಸ್ಕೊಂಡ್ಲು. ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್ ಅನ್ನೂದರ ಸಣ್ಣ ಹೆಸರು ಬಿಮ್ ಅಂತ. ಆಕಿ ಕೆಲಸ ಮಾಡೂ ಸಾಫ್ಟ್‌ವೇರಿನ ಹೆಸರು ರೆವಿಟ್. ಅಮೆರಿಕಾದಾಗ 2000ನೇ ಇಸ್ವಿಯೊಳಗ ಹುಟ್ಟಿದ್ದಂತ, 2002ರಾಗ ಆಟೋಡೆಸ್ಕ್ ಕಂಪನಿ ಅದನ್ನ 13 ಕೋಟಿ 30 ಲಕ್ಷ ಡಾಲರ್ ಕೊಟ್ಟು ಕೊಂಡ್ಕೊಂತಂತ. ಬ್ರಿಟನ್ ಸರ್ಕಾರ 2016ರ ಏಪ್ರಿಲ್‌ದಿಂದ ತನ್ನ ಕಟ್ಟಡದ ಕೆಲಸಕ್ಕ ಈ ಬಿಮ್ ಬೇಕಬೇಕು ಅಂತ ನಿಯಮ ಮಾಡೇತಿ. ಅಲ್ಲಿ ಕೆಲಸ ಬೆಂಗಳೂರಿನ ಆಫೀಸಿಗೆ ಬರತೈತಿ, ಬೆಂಗಳೂರಿಂದ ನಮ್ಮ ಮ್ಯಾಲಿನ ಖೋಲಿಗೆ ಬರತೈತಿ.

ಮೊದ್ಲ ಕಾಗದದ ಮ್ಯಾಲ ನಕಾಶೆ ತಗೀತಿದ್ರಲ್ಲ, ಅದರಾಗ ಗೀಟು ಅಂದ್ರ ಬರೇ ಗೀಟು. ಅದು ಗ್ವಾಡಿ ಅಂತ ನೋಡಿದವರು ತಿಳ್ಕೋಬೇಕು. ಇದರಾಗ ಹಂಗಲ್ಲ. ಇಲ್ಲಿ ಗ್ವಾಡಿ ಅಂದ್ರ ಗ್ವಾಡೀನ. ಎಷ್ಟು ದಪ್ಪ, ಒಳಗ ಇಟ್ಟಂಗಿ ಐತೋ ಕಲ್ಲೈತೋ, ಮ್ಯಾಲ ಗಿಲಾವ್ ಎಷ್ಟು, ಬಣ್ಣ ಯಾವ್ದು, ಎಲ್ಲಾ ಅದರ ಹೊಟ್ಟ್ಯಾಗ ಬರದಿಟ್ಟಿರತೈತಿ. ಒಂದು ಬಾಗಲಾ ಅರ್ಧಾ ಫೂಟ್ ಸರಿಸಿದ್ರ ಮ್ಯಾಲಿಂದ ನೋಡೂ ನಕಾಶೆ, ಪಕ್ಕದಿಂದ ನೋಡೂ ನಕಾಶೆ, ಸಾಮಾನಿನ ಯಾದಿ, ಎಲ್ಲಾದರಾಗೂ ತಾನ ಸರೀತೈತಿ.

ನನಗ ಮದವಿ ಮನಿ ನೆನಪಾತು. ಮದವಿ ಯಾದಿ ಐದು ಮಂದಿ ಕೈಯಾಗ ಇರತೈತಿ. ಅಡಗಿಯವನ ಯಾದ್ಯಾಗ 600 ಎಲಿ, ಬುಂದೆ ಉಂಡಿ ಕಟ್ಟೂ ಹೆಣ್ಮಕ್ಕಳ ಯಾದ್ಯಾಗ 500, ಕಿರಾಣಿ ಅಂಗಡಿಯವಂಗ ಕೊಟ್ಟಿದ್ದ ಬ್ಯಾರೆ. ಕಡೀ ಪಂಕ್ತಿಗೆ ಉಂಡಿ ಸಾಲಲಿಲ್ಲ ಅಂತ ಬೀಗರ ಮುಂದ ಮಾರಿ ಸಣ್ಣದು ಮಾಡ್ಕೊಂಡು ನಿಂದರಬೇಕು. ಎಲ್ಲಾರೂ ಒಂದ ವಹಿಯೊಳಗ ಬರದ್ರ ಹಂಗಾಗೂದಿಲ್ಲ. ಬಿಮ್ ಅಂದ್ರ ಅಂಥಾ ಒಂದ ವಹಿ ಅಂತ ನಾ ತಿಳ್ಕೊಂಡೆ. ಸೊಸಿ "ಬರೋಬ್ಬರಿ ಅತ್ತಿ" ಅಂದ್ಲು.

ಇದು ಹಂಗ ಮಾತಾಗೇ ಉಳೀತಿತ್ತೋ ಏನೋ. ಆದ್ರ ಆ ವರ್ಷಾನ ನಮ್ಮ ಮಗ ಪ್ಯಾಟ್ಯಾಗಿನ ಮಾವನವರ ಹಳೇ ಅರಬಿ ಅಂಗಡಿ ತಗದು ರೊಟ್ಟಿ ಖಾನಾವಳಿ ಹಾಕಬೇಕಂತ ಹಟ ಹಿಡದ. ರೊಕ್ಕ ಸಾಲಲಿಲ್ಲ. ನನ್ನ ನಾಕು ಪಾಟ್ಲಿ ಬ್ಯಾಂಕಿನಾಗ ಒತ್ತಿ ಬಿದ್ದುವು. ಅವು ನಮ್ಮವ್ವ ನನ್ನ ಮದವ್ಯಾಗ ಹಾಕಿದ್ದು. ಕೈ ಬೋಳ ಕಂಡಾಗೊಮ್ಮೆ ಹೊಟ್ಟ್ಯಾಗ ಕಸಿವಿಸಿ ಆಗತಿತ್ತು.

ನನಗ ಹೆದರಿಕಿ ಇದ್ದದ್ದು ಸುಮ್ಮನ ಅಲ್ಲ. ಇಪ್ಪತ್ತು ವರ್ಷದ ಹಿಂದ ನಮ್ಮ ಮನಿ ಅಡಗಿಮನಿ ಹೊಸದಾಗಿ ಕಟ್ಟಿಸಿದಾಗ ಎಲ್ಲಾ ಅಂದಾಜಿನ ಮ್ಯಾಲ ನಡೀತು. ಹೊಗಿ ಹೋಗೂ ಕಿಂಡಿ ಬಿಡೂದ ಮರತ್ರು. ಆಮ್ಯಾಲ ಗ್ವಾಡಿ ಒಡದ್ರ ಅಲ್ಲೆ ಬೀಮ್ ಬಂತು. ಬ್ಯಾರೆ ಕಡೆ ಒಡದ್ರ ಬಾಜೂದವರ ಕಿಟಕಿ. ಕಡೀಕ ಫ್ಯಾನ್ ಕೂಡ್ರಿಸಿದ್ದು ಒಲಿಯಿಂದ ಎಂಟು ಫೂಟ್ ದೂರ. ಅಂದಿನಿಂದ ಒಗ್ಗರಣಿ ಹೊಗಿ ಎಲ್ಲಾ ನನ್ನ ಮಾರಿಗೇ.

ಸೊಸಿ ಹುಬ್ಬಳ್ಳ್ಯಾಗ ಆರ್ಕಿಟೆಕ್ಚರ್ ಕಲತಾಕಿ. ಅಂಗಡಿ ಅಳೀತೀನಿ ಅಂತ ಎರಡು ದಿನ ಟೇಪು, ಲೇಸರ್ ಹಿಡ್ಕೊಂಡು ಅಡ್ಡಾಡಿದ್ಲು. ನಮ್ಮನಿಯವರು, "ಗೌಂಡಿ ನಾಕ ಗೀಟ ಹೊಡದು ಹೇಳೂ ಕೆಲಸಕ್ಕ ಎರಡು ದಿನಾ?" ಅಂದ್ರು. ಅಳದ ಮ್ಯಾಲ ಗೊತ್ತಾತು, ನಮ್ಮ ಅಂಗಡಿ ಮುಂದ 18 ಫೂಟ್ ಅಗಲ ಇದ್ರ ಹಿಂದ 17 ಫೂಟ್ 4 ಇಂಚ್ ಐತಿ. ಉದ್ದ 46 ಫೂಟ್. ಅಷ್ಟು ವರ್ಷ ಮಾವನವರು ಅದರಾಗ ಕುಂತು ವ್ಯಾಪಾರ ಮಾಡಿದ್ರೂ ಆ 8 ಇಂಚಿನ ಫರಕು ಯಾರಿಗೂ ಗೊತ್ತಿದ್ದಿಲ್ಲ.

ಮಗ 44 ಮಂದಿ ಕುಂದರಬೇಕು ಅಂದಿದ್ದ. ಸೊಸಿ ಮಾಡೆಲ್‌ದಾಗ ಟೇಬಲ್ ಇಟ್ಟು ನೋಡಿದ್ರ 36 ಮಂದಿಗೆ ಮುಗೀತು. ಮನ್ಯಾಗ ಜಗಳ ಆತು. ಆಕಿ ಬಾಯಿಲೆ ವಾದ ಮಾಡಲಿಲ್ಲ. ಪರದೆ ಮ್ಯಾಲ 44 ಕುರ್ಚಿ ಹಾಕಿ, ಒಬ್ಬಾಂವ ಕುರ್ಚಿ ಹಿಂದ ಸರಿಸಿ ಏಳೂದು, ತಾಟು ಹಿಡದ ಹುಡುಗ ನಡುವ ಹಾಯೂದು ತೋರಿಸಿದ್ಲು. ಹುಡುಗ ಹಾಯಲಿಲ್ಲ, ಸಿಕ್ಕೊಂಡ. ಹಾಯಾಕ 3 ಫೂಟ್ ದಾರಿ ಬೇಕು, ಇದ್ದದ್ದು 20 ಇಂಚು. ಮಗ ಸುಮ್ಮನಾದ.

ಈ ತೊಡಕಿಗೆ ಅವರ ಭಾಷಾದಾಗ ಕ್ಲ್ಯಾಶ್ ಅಂತಾರ. ಪೈಪು ತೊಲಿಯೊಳಗ ಹೊಕ್ಕಿದ್ರ ಅದು ಗಟ್ಟಿ ಕ್ಲ್ಯಾಶ್. ಮುಟ್ಟಿರೂದಿಲ್ಲ, ಆದ್ರ ಕೈಯಾಡಿಸಾಕ, ಓಡ್ಯಾಡಾಕ ಬೇಕಾದಷ್ಟು ಜಾಗಾ ಇಲ್ಲಂದ್ರ ಅದು ಮೆತ್ತಗಿನ ಕ್ಲ್ಯಾಶ್. ಗಟ್ಟಿದು ಬ್ಯಾರೆ ಇತ್ತು. ಒಲಿ ಊಟದ ಖೋಲಿ ಕಡೆ ಇಟ್ಟಿದ್ರು, ಹೊಗಿ ಹೋಗಬೇಕಾದದ್ದು ಹಿಂದಿನ ಸಂದಿಗೆ. ನಡುವ ಹಳೇ ಸಾಗವಾನಿ ತೊಲಿ, ನೆಲದಿಂದ 8 ಫೂಟ್ ಎತ್ತರ. 14 ಇಂಚಿನ ಹೊಗಿ ಕೊಳವಿ ಅದರ ಕೆಳಗ ಹಾಯ್ದ್ರ ಉಳಿಯೂದು 6 ಫೂಟ್ 10 ಇಂಚು. ಕುದಿಯೂ ಸಾರಿನ ಬೋಗಾಣಿ ಎತ್ತಿಕೊಂಡು ಹೋಗೂ ಎತ್ತರದ ಹುಡುಗನ ತಲಿ ಮ್ಯಾಲೇ ಕೊಳವಿ ಹಾಯತಿತ್ತು. ಒಲಿ ಹಿಂದಿನ ಗ್ವಾಡಿಗೆ ಸರಿಸಿದ್ರು. ಕೊಳವಿ 16 ಫೂಟ್ ಇದ್ದದ್ದು 3 ಫೂಟಿಗೆ ಬಂತು. ಒಂದು ಇಟ್ಟಂಗಿ ಒಡೀಲಿಲ್ಲ, ಒಂದು ಪೈಸಾ ಖರ್ಚಾಗಲಿಲ್ಲ. ನನ್ನ ಅಡಗಿಮನ್ಯಾಗ ಇಪ್ಪತ್ತು ವರ್ಷ ಕೆಮ್ಮಿಸಿದ ತಪ್ಪು ಇಲ್ಲಿ ಅರ್ಧಾ ತಾಸಿನಾಗ ಪರದೆ ಮ್ಯಾಲ ಸುದ್ದ ಆತು. ಆವತ್ತ ಮೊದ್ಲನೇ ಸಲ ಸೊಸಿ ಕೆಲಸ ಏನಂತ ನನಗ ತಿಳೀತು.

ಹಂಗಂತ ಎಲ್ಲಾ ಕಂಪ್ಯೂಟರಿಗೇ ಗೊತ್ತಿತ್ತು ಅನ್ನಬ್ಯಾಡ್ರಿ. ನಮ್ಮ ಗೌಂಡಿ ಕಾಕಾ ಅರವತ್ತು ದಾಟಿದಾಂವ. ಬಲಗಡೆ ಗ್ವಾಡಿಗೆ ಕೈ ಹಚ್ಚಿ ಟಕ್ ಟಕ್ ಬಡದು, "ಯವ್ವಾ, ಇಲ್ಲೆ ಪೊಳ್ಳ ಐತಿ ನೋಡು" ಅಂದ. ಮಾಡೆಲ್‌ದಾಗ ಆ ಗ್ವಾಡಿ ಎರಡು ಫೂಟ್ ಗಟ್ಟಿ ಕಲ್ಲು. ಗಿಲಾವ್ ಕೆತ್ತಿದ್ರ ಒಳಗ ಮಣ್ಣು ತುಂಬಿ ಮುಚ್ಚಿದ ಹಳೇ ಮಾಡ. ಕರೆಕ್ಟ್ ಅಲ್ಲೇ ತೂಕದ ಸ್ಟೀಲ್ ಕಪಾಟು ತೂಗ ಹಾಕಾಕ ಮೊಳಿ ಹೊಡೀಬೇಕಿತ್ತು. ಸೊಸಿ ಅಲ್ಲೇ ಕಾಕಾನ್ನ ಕುಂದ್ರಿಸ್ಕೊಂಡು, ಇನ್ನೆಲ್ಲೆಲ್ಲೆ ಪೊಳ್ಳ ಐತಿ, ಎಲ್ಲೆ ಹಸಿ ಐತಿ ಕೇಳಿ ಕೇಳಿ ಮಾಡೆಲ್‌ದಾಗ ತುಂಬಿದ್ಲು. ಸಾಫ್ಟ್‌ವೇರಿಗೆ ನಾವು ಹೇಳಿದ್ದಷ್ಟ ಗೊತ್ತಿರತೈತಿ. ಕಾಕಾಗ ಕೈಯಾಗ ಗೊತ್ತಿತ್ತು.

ಕಿತ್ತೂರ ಕೋಟ್ಯಾಗ ಅರಮನಿ ಉಳದ ಗ್ವಾಡಿ ನೋಡಿದವರಿಗೆ ಗೊತ್ತೈತಿ, ಧ್ರುವ ನಕ್ಷತ್ರ ನೋಡಾಕ ಬಿಟ್ಟ ದುಂಡನ ಕಿಂಡಿ ತೋರಸ್ತಾರ. ಸಣ್ಣಾಕಿದ್ದಾಗಿಂದ ನೋಡೀನಿ, ಚೆನ್ನಮ್ಮನ ಅರಮನಿ ಅಂತ ಕೈ ಮುಗದು ಬರತಿದ್ದೆ. ಈ ಸಲ ನೋಡಿದಾಗ ಬ್ಯಾರೆ ವಿಚಾರ ಬಂತು. ಅಷ್ಟು ದಪ್ಪನ ಗ್ವಾಡ್ಯಾಗ ಆಮ್ಯಾಲ ಕೊರದು ಅಷ್ಟು ನೆಟ್ಟಗ ಕಿಂಡಿ ಮಾಡಾಕ ಆಗೂದಿಲ್ಲ. ಗ್ವಾಡಿ ಏಳೂ ಮೊದ್ಲ ಯಾರೋ ಎತ್ತರ, ಓರೆ ಎಲ್ಲಾ ಲೆಕ್ಕಾ ಹಾಕಿ ಹೇಳಿರಬೇಕು, ಗೌಂಡಿ ಕೇಳಿರಬೇಕು. ಮೊದ್ಲ ವಿಚಾರ ಮಾಡೂದು ಹೊಸಾದೇನಲ್ಲ. ನಾವು ನಡುವ ಬಿಟ್ಟಿದ್ವಿ ಅಷ್ಟ.

ಈಗ ಅಸಲಿ ಮಾತಿಗೆ ಬರತೀನಿ.

ಎಲ್ಲಾ ಆದ ಮ್ಯಾಲ ಸೊಸಿ ನನಗ ಅಡಗಿಮನಿ ತೋರಿಸಿದ್ಲು. ಒಲಿ, ಫ್ರಿಜ್ಜು, ಪಾತ್ರಿ ತೊಳಿಯೂ ಮೋರಿ, ಎಲ್ಲಾ ಚಂದಿತ್ತು. ನಾ ಕೇಳಿದೆ, "ರೊಟ್ಟಿ ಬಡಿಯೂದು ಎಲ್ಲೆ ಬೇ?"

ಆಕಿ 34 ಇಂಚಿನ ಕಟ್ಟಿ ತೋರಿಸಿ, "ಇಲ್ಲೇ ನಿಂತು ಬಡೀತಾರ ರೀ" ಅಂದ್ಲು.

"ಎಂದರ ರೊಟ್ಟಿ ಬಡದೀಯೇನ ನಮ್ಮವ್ವಾ? ಎದಿ ಸಮಕ್ಕ ಹಿಟ್ಟಿಟ್ಕೊಂಡು ಬಡದ್ರ ಹತ್ತನೇ ರೊಟ್ಟಿಗೆ ರಟ್ಟಿ ಬೀಳತಾವು."

ಆಕಿ ಮಾರಿ ಸಪ್ಪಗಾತು. ಆ ಸಾಫ್ಟ್‌ವೇರಿನಾಗ ಕುರ್ಚಿ, ಟೇಬಲ್, ಒಲಿ ಇಂಥವಕ್ಕ "ಫ್ಯಾಮಿಲಿ" ಅಂತಾರ. ಒಂದು ಫ್ಯಾಮಿಲಿ ಮಾಡಿದ್ರ ಅದರಾಗ ಸಣ್ಣದು, ದೊಡ್ಡದು ಅಂತ ನಮೂನಿ ಮಾಡಬಹುದು. ಮೂಲದಾಗ ಒಂದು ಕಡೆ ತಿದ್ದಿದ್ರ ಎಲ್ಲೆಲ್ಲಿ ಇಟ್ಟೀರಿ ಅಲ್ಲೆಲ್ಲಾ ತಿದ್ದತೈತಿ. ಆಕಿ ಹತ್ರ ಪಿಜ್ಜಾ ಒಲಿ ಇತ್ತು, ಕಾಫಿ ಮಶೀನ್ ಇತ್ತು. "ರೊಟ್ಟಿ ಬಡಿಯೂದರ ಫ್ಯಾಮಿಲಿ ಇಲ್ಲ ರೀ ಅತ್ತಿ" ಅಂದ್ಲು.

"ಇಲ್ಲಂದ್ರ ಮಾಡು. ನಾ ಅದೀನಲ್ಲ" ಅಂದೆ.

ಮರುದಿನ ಹಿತ್ತಲದಾಗ ಇಟ್ಟಂಗಿ ಒಟ್ಟಿ ಮ್ಯಾಲ ಹಲಗಿ ಇಟ್ವಿ. ನೆಲದ ಮ್ಯಾಲ ಕುಂತು ಬಡಿಯೂದು ನಮ್ಮ ಹಳೇ ರೂಢಿ, ಖರೆ. ಆದ್ರ ಐವತ್ತು ದಾಟಿದ ಮ್ಯಾಲ ನಾಕು ತಾಸು ಕಾಲು ಮಡಚಿ ಕುಂತ್ರ ಏಳೂ ಮುಂದ ಮೊಣಕಾಲು ಏನಂತಾವ ನಮಗ ಗೊತ್ತು. ನಿಂತ ಬಡೀಬೇಕು, ಆದ್ರ ತಗ್ಗಿರಬೇಕು. ಖಾನಾವಳಿಗೆ ಬರ್ತೀವಿ ಅಂದಿದ್ದ ಇಬ್ಬರು ಹೆಣ್ಮಕ್ಕಳನ್ನೂ ಕರದ್ವಿ. 32 ಇಂಚು, 30, 28, 26 ಅಂತ ಒಂದೊಂದ ಸಲ ಹಲಗಿ ಇಳಿಸಿಕೋತ ಬಡದು ನೋಡಿದ್ವಿ. ನನಗ, ಒಬ್ಬಾಕಿಗೆ 28 ಬರೋಬ್ಬರಿ ಆತು. ಇನ್ನೊಬ್ಬಾಕಿ ಎತ್ತರದಾಕಿ, ಆಕಿಗೆ 30. ಸೊಸಿ ಟೇಪು ಹಿಡಕೊಂಡು ಎಲ್ಲಾ ಬರಕೊಂಡ್ಲು. ಹಂಚು ಎಡಕ್ಕೋ ಬಲಕ್ಕೋ, ರೊಟ್ಟಿ ಮ್ಯಾಲ ನೀರು ಸವರೂ ಬಟ್ಟಲ ಎಲ್ಲೆ, ಹಿಟ್ಟಿನ ಪರಾತ ಎಲ್ಲೆ, ಬೆಂದ ರೊಟ್ಟಿ ಬುಟ್ಟಿಗೆ ಕೈ ಎಷ್ಟು ಚಾಚಬೇಕು, ಝಳ ಮಾರಿಗೆ ಎಷ್ಟು ದೂರ. ಇಷ್ಟು ವರ್ಷ ರೊಟ್ಟಿ ಬಡದೀನಿ, ನನ್ನ ಕೈ ಎಲ್ಲೆಲ್ಲೆ ಹೋಗತೈತಿ ಅಂತ ಒಬ್ಬರೂ ಕೇಳಿದ್ದಿಲ್ಲ. ನಾನೂ ನೋಡಿದ್ದಿಲ್ಲ.

ಒಬ್ಬೊಬ್ಬರಿಗೆ 4 ಫೂಟ್ ಜಾಗಾ ಬೇಕಾತು. ಹಿಂದಿನ ಗ್ವಾಡಿ 17 ಫೂಟ್ 4 ಇಂಚು. ಒಲಿಗೆ 6, ಬಾಗಲಕ್ಕ 3, ರೊಟ್ಟಿಗೆ 8. ಕೂಡಿಸಿದ್ರ 17. ನಾಕ ಇಂಚು ಉಳೀತು. ಆದ್ರ ಅಲ್ಲಿದ್ದ ಪಾತ್ರಿ ತೊಳಿಯೂ ಮೋರಿ ಮುಂದ ಬಂತು, ಊಟದ ಖೋಲ್ಯಾಗಿನ ಮೂಲಿ ಟೇಬಲ್ ಹೋತು. 36 ಇದ್ದದ್ದು 32 ಆತು.

ನಮ್ಮನಿಯವರು ಸಿಟ್ಟಿಗೆದ್ರು. "ಒಂದು ಟೇಬಲ್ಲಿಗೆ ಮದ್ಯಾನ ಮೂರು ಪಾಳಿ ಹಿಡದ್ರ 12 ಊಟ. ಊಟಕ್ಕ ನೂರು ರೂಪಾಯಿ ಅಂದ್ರ ದಿನಕ್ಕ 1,200. ರೊಟ್ಟಿ ಬಡಿಯವರು ಎಲ್ಲೆರ ಮೂಲ್ಯಾಗ ಕುಂದರತಾರ" ಅಂದ್ರು. ಲೆಕ್ಕಾ ತಪ್ಪಿದ್ದಿಲ್ಲ. ಸಾಲ ಮೈಮ್ಯಾಲಿತ್ತು, ಅವರ ಹೆದರಿಕಿನೂ ಸುಳ್ಳಲ್ಲ. ಮಗ ನೆಲಾ ನೋಡ್ಕೋತ ಕುಂತ. ಸೊಸಿ ಲ್ಯಾಪ್‌ಟಾಪ್ ಮುಚ್ಚಿದ್ಲು.

ನಾ ಅವರ ಮುಂದ ಮಾತಾಡಿದ್ದು ಕಡಿಮಿ. ಆವತ್ತ ಆಡಿದೆ. "ರೀ, ಆ ಮೂಲ್ಯಾಗ ಇಪ್ಪತ್ತು ವರ್ಷದಿಂದ ನಾ ನಿಂತೀನಿ. ಹೊಗಿ ಹೆಂಗಿರತೈತಿ ಅಂತ ನೀವು ಒಂದಿನಾನೂ ಕೇಳಿಲ್ಲ. ಖಾನಾವಳಿ ಹೆಸರು ರೊಟ್ಟಿ ಖಾನಾವಳಿ. ರೊಟ್ಟಿ ಬಡಿಯಾಕಿ ಎರಡು ತಿಂಗಳಿಗೆ ರಟ್ಟಿ ನೋವಂತ ಬಿಟ್ಟ ಹೋದ್ರ 36 ಮಂದಿ ಕುಂತು ಏನ್ ತಿಂತಾರ? ನನ್ನ ಪಾಟ್ಲಿ ಇದರಾಗದಾವು. ಅವಕ್ಕ ಒಂದು ಟೇಬಲ್ಲಿನಷ್ಟು ಮಾತರ ಇರಲಿ."

ಅವರು ಉತ್ತರ ಕೊಡಲಿಲ್ಲ. ಅಂಗಿ ಹಾಕ್ಕೊಂಡು ಹೊರಗ ಹೋದ್ರು. ರಾತ್ರಿ ಉಣ್ಣಾಗ, "ಆ ಕಟ್ಟಿ ಮ್ಯಾಲ ಹೊಗಿ ಹೋಗಾಕ ಏನ್ ಮಾಡೀರಿ?" ಅಂತ ಸೊಸೀನ್ನ ಕೇಳಿದ್ರು. ಅಲ್ಲಿಗೆ ತಿಳ್ಕೊಂಡ್ವಿ.

ಖಾನಾವಳಿ ಬಸವ ಜಯಂತಿಗೆ ಚಾಲೂ ಆತು. ಕಟ್ಟಿ 28 ಇಂಚು. ಎತ್ತರದಾಕಿ ಕಡೆ ಮ್ಯಾಲ ಎರಡು ಇಂಚಿನ ಹಲಗಿ. ಮ್ಯಾಲ ಹೊಗಿ ಎಳಿಯೂ ಡಬ್ಬಿ. ಲಾಭ ಇನ್ನೂ ಅಷ್ಟಕ್ಕಷ್ಟ, ಪಾಟ್ಲಿ ಇನ್ನೂ ಬ್ಯಾಂಕಿನಾಗ ಅದಾವು. ಹಬ್ಬದಾಗ ಕೈ ನೋಡಿದ್ರ ಈಗೂ ಕಸಿವಿಸಿ ಆಗತೈತಿ. ಆದ್ರ ಆ ಇಬ್ಬರೂ ಹೆಣ್ಮಕ್ಕಳು ಬಿಟ್ಟು ಹೋಗಿಲ್ಲ.

ಕೆಲಸ ಚಾಲೂ ಆಗೂ ಮೊದ್ಲ ಸೊಸಿ ಸಾಮಾನಿನ ಯಾದಿ ಪ್ರಿಂಟ್ ತಗದಿದ್ಲು. ಸಾಫ್ಟ್‌ವೇರ್ ತಾನ ಎಣಸಿ ಕೊಟ್ಟದ್ದು. ಟೇಬಲ್ 8, ಕುರ್ಚಿ 32, ಅಂತ ಸಾಲಾಗಿ. ಅದರ ನಡುವ ಒಂದು ಸಾಲು: ರೊಟ್ಟಿ ಕಟ್ಟಿ 2. ಆ ಹಾಳಿ ನಮ್ಮ ಅಡಗಿಮನಿ ಕಪಾಟಿನಾಗ, ಕ್ಯಾಲೆಂಡರಿನ ಹಿಂದ ಇಟ್ಟೀನಿ. ನಮ್ಮನಿ ಫ್ಯಾನನ್ನೂ ಒಲಿ ಮ್ಯಾಲ ತರಬೇಕಂತ ಸೊಸಿ ಮೊನ್ನೆ ಟೇಪು ತಂದು ಅಳಕೊಂಡು ಹೋಗ್ಯಾಳ.