ಮಾಸ್ತರರ ದುರ್ಬೀನು

ಗರಗವೆಂದರೆ ರಾಷ್ಟ್ರಧ್ವಜದ ಖಾದಿಯನ್ನು ನೇಯುವ ಊರೆಂದು ಬಲ್ಲವರು ಬಲ್ಲರು. ಆ ಊರಿನ ನಿವೃತ್ತ ಮಾಸ್ತರರೊಬ್ಬರ ಮಡದಿ ಅನೇಕ ವರ್ಷ ಮಗ್ಗದ ಮುಂದೆ ಕುಳಿತವರು. ಮಾಸ್ತರರಿಗೋ ಬಟ್ಟೆಗಿಂತ ಬಾನಿನ ಹುಚ್ಚು ಹೆಚ್ಚು. ಸಂಜೆಯಾದೊಡನೆ ಜೋಡು ದುರ್ಬೀನನ್ನು ಹಿಡಿದು ಮಾಳಿಗೆಯನ್ನೇರುವುದು ಅವರ ನಿತ್ಯನೇಮವಾಗಿತ್ತು.

2020ನೆಯ ಇಸವಿಯಲ್ಲಿ ಆ ನೇಮವು ತಪ್ಪಿತು. ಹಿಂದಿನ ವರ್ಷ ಅವರು ಕಣ್ಣಿನ ಪೊರೆಯನ್ನು ತೆಗೆಸಿಕೊಂಡಿದ್ದರು. ಅದಾದ ಕೆಲವು ತಿಂಗಳಿಗೆ ದುರ್ಬೀನಿನಲ್ಲಿ ಚುಕ್ಕೆಗಳೆಲ್ಲ ಜೋಡಿಜೋಡಿಯಾಗಿ ಕಾಣತೊಡಗಿದವು; ಐದು ನಿಮಿಷ ನೋಡಿದರೆ ಹಣೆ ಸಿಡಿಯುವುದು. ವಯಸ್ಸಾಯಿತು, ಕಣ್ಣು ಹೋಯಿತು ಎಂದುಕೊಂಡರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗನು ಮತ್ತೆ ಆಸ್ಪತ್ರೆಗೆ ಒಯ್ಯುವನೆಂಬ ಅಂಜಿಕೆ ಒಂದು. ಹೇಳಿದೊಡನೆ ಅದು ನಿಜವಾಗಿಬಿಟ್ಟೀತೆಂಬ ಅಂಜಿಕೆ ಇನ್ನೊಂದು. ಮುಪ್ಪಿನಲ್ಲಿ ಎರಡನೆಯದೇ ದೊಡ್ಡದು.

ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದ ಆ ವರ್ಷ ಬೆಂಗಳೂರಿನ ಮಗನ ಸಂಸಾರವು ಊರಿಗೆ ಬಂದಿತ್ತು. ಡಿಸೆಂಬರದಲ್ಲಿ ಗುರು ಶನಿಗಳು ಒಂದನ್ನೊಂದು ಸಮೀಪಿಸುವ ಸುದ್ದಿಯನ್ನು ಕೇಳಿ ಮೊಮ್ಮಗಳು ದುರ್ಬೀನನ್ನು ಬೇಡಿದಳು. ಹಗಲಿನಲ್ಲಿಯೇ ಅದನ್ನು ಕಣ್ಣಿಗೆ ಹಚ್ಚಿ, ಬೀದಿಯ ಕರೆಂಟಿನ ತಂತಿಯ ಕಡೆಗೆ ತಿರುಗಿಸಿ, “ಅಜ್ಜಾ, ಒಂದ ತಂತಿ ಎರಡ ಕಾಣಸ್ತದಲ್ಲಾ!” ಎಂದಳು.

“ನಿನಗೂ?” ಎಂದು ಮಾಸ್ತರರು ಎದ್ದು ನಿಂತರು.

ಮಡದಿಗೆ ಆಗ ನೆನಪಾಯಿತು: ದೀಪಾವಳಿಗೆ ಸುಣ್ಣ ಹಚ್ಚುವಾಗ ಅದು ಮಾಡದಿಂದ ಬಿದ್ದಿತ್ತು, ಗಾಜು ಒಡೆದಿಲ್ಲವೆಂದು ಆಕೆ ಸುಮ್ಮನೆ ಎತ್ತಿಟ್ಟಿದ್ದರು.

ಒಡೆಯುವುದೊಂದೇ ಕೇಡಲ್ಲ. ಇಂಥ ದುರ್ಬೀನಿನ ಪ್ರತಿಯೊಂದು ನಳಿಗೆಯಲ್ಲಿ ಎರಡೆರಡು ಪಟ್ಟಕಗಳು, ಅಂದರೆ ತ್ರಿಕೋನಾಕಾರದ ಗಾಜಿನ ಗಟ್ಟಿಗಳು ಇರುತ್ತವೆ. ಮುಂದಿನ ಮಸೂರವು ಬಿಂಬವನ್ನು ತಲೆಕೆಳಗು ಮಾಡಿ, ಎಡಬಲವನ್ನೂ ಅದಲುಬದಲು ಮಾಡಿಬಿಡುತ್ತದೆ. ಬೆಳಕು ಪಟ್ಟಕಗಳೊಳಗೆ ನಾಲ್ಕು ಸಲ ಪ್ರತಿಫಲಿಸಿ ಬಂದಾಗ ಅದು ನೆಟ್ಟಗಾಗುತ್ತದೆ. ಇಟಲಿಯ ಪೊರ್ರೊ ಎಂಬವನು 1854ರಲ್ಲಿ ಈ ಉಪಾಯವನ್ನು ಕಂಡನು. ಜೇನಾ ಪಟ್ಟಣದ ಝೈಸ್ ಕಾರಖಾನೆಯು 1894ರಲ್ಲಿ ಇದರಿಂದ ಜೋಡು ದುರ್ಬೀನುಗಳನ್ನು ಮಾಡಿ ಮಾರಿತು. ಪಟ್ಟಕವು ಕೂದಲೆಳೆಯಷ್ಟು ವಾಲಿದರೂ ಆ ಕಡೆಯ ನೋಟವು ಬೇರೆ ದಾರಿ ಹಿಡಿಯುತ್ತದೆ. ಕಣ್ಣುಗಳು ಮೂಗಿನ ಕಡೆಗೆ ಸುಲಭವಾಗಿ ಹೊರಳಬಲ್ಲವು. ಆದರೆ ಒಂದು ಮೇಲೆ, ಒಂದು ಕೆಳಗೆ ನೋಡಲಾರವು. ಆದರೂ ಎರಡು ಬಿಂಬಗಳನ್ನು ಕೂಡಿಸಲೆಂದು ಹೆಣಗುತ್ತವೆ. ಮಾಸ್ತರರ ತಲೆನೋವೆಲ್ಲ ಆ ಹೆಣಗಾಟದ್ದೇ.

ಮಗನು ದುರ್ಬೀನನ್ನು ಮರಳಿನ ಚೀಲದ ಮೇಲೆ ಕದಲದಂತಿರಿಸಿದನು. ತಂದೆಯ ಕಣ್ಣುಗಳ ಅಂತರಕ್ಕೆ ನಳಿಗೆಗಳನ್ನು ಅಗಲಿಸಿ, ನಡುವಿನ ಕೀಲಿನ ಮೇಲೆ ಮಸಿಯಿಂದ ಗುರುತು ಮಾಡಿದನು. ಹೊರಗಿನ ರಬ್ಬರನ್ನು ಮೆಲ್ಲನೆ ಎಬ್ಬಿಸಿದಾಗ ಪಟ್ಟಕದ ಅಂಚನ್ನು ಒತ್ತುವ ಸಣ್ಣ ತಿರುಪು ಸಿಕ್ಕಿತು. ಗಡಿಯಾರದವರ ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದನು. ತಂತಿಗಳು ಇನ್ನೂ ದೂರವಾದವು. ಅವಸರದ ಹುಡುಗನೇ ಸರಿ! ಬಿಗಿ ಹೆಚ್ಚಾದರೆ ಪಟ್ಟಕದ ಅಂಚು ಸಿಡಿದುಹೋಗುವುದುಂಟು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾಯಿ, “ಎಳಿ ಹಿಂಗ ಜಗ್ಗಿದರ ಹರೀತದೋ. ಸಡ್ಲ ಬಿಡು, ಒಂದೀಟೊಂದೀಟ ಸರಸು” ಎಂದರು. ಅವನು ತಿರುಪನ್ನು ಹಿಂದಕ್ಕೆ ಬಿಟ್ಟು, ಸುತ್ತಿನ ಎಂಟನೆಯ ಒಂದು ಪಾಲಿನಂತೆ ಇತ್ತ ತಿರುವುವನು. ಮಾಸ್ತರರು ಬಗ್ಗಿ ನೋಡಿ ಹೇಳುವರು. ಮಧ್ಯಾಹ್ನದ ಊಟವು ಆರಿತು. ನಾಲ್ಕು ಗಂಟೆಯ ಹೊತ್ತಿಗೆ ತಂತಿಯು ಒಂದಾಯಿತು.

ಡಿಸೆಂಬರ 21ರ ಸಂಜೆ ಎಲ್ಲರೂ ಮಾಳಿಗೆಯ ಮೇಲಿದ್ದರು. ನೈಋತ್ಯದಲ್ಲಿ ಗುರು ಶನಿಗಳ ನಡುವೆ ಚಂದ್ರಬಿಂಬದ ಅಗಲದ ಐದನೆಯ ಒಂದು ಪಾಲಿನಷ್ಟೇ ಎಡೆಯಿತ್ತು. 1623ರ ಬಳಿಕ ಅವು ಇಷ್ಟು ಹತ್ತಿರ ಬಂದಿರಲಿಲ್ಲ. ಮಾಸ್ತರರು ಬಹಳ ಹೊತ್ತು ನೋಡಿದರು. “ಎರಡs ಅದಾವ” ಎಂದರು.

ಮೊಮ್ಮಗಳು ಇಸಕೊಂಡು ತನ್ನ ಪುಟ್ಟ ಮುಖಕ್ಕೆ ಹೊಂದುವಂತೆ ಕೀಲನ್ನು ಮಡಿಸಿದಳು. ಅವಳಿಗೆ ನಾಲ್ಕು ಕಂಡವು. ತಿರುಪಿನಿಂದಾದ ಈ ರಿಪೇರಿಯು ಒಂದೇ ಅಂತರಕ್ಕೆ ಕೂಡುವಂಥದು. ನಳಿಗೆಗಳೆರಡೂ ಕೀಲಿಗೇ ಸಮಾನಾಂತರವಾಗಿದ್ದರೆ ಮಾತ್ರ ಎಲ್ಲರ ಕಣ್ಣಿಗೂ ಕೂಡೀತು. ಅದಕ್ಕೆ ಬೇರೆಯ ಯಂತ್ರವೇ ಬೇಕು.

“ಒಂದ ಕಣ್ಣ ಮುಚ್ಚಿ ನೋಡವಾ” ಎಂದರು ಮಾಸ್ತರರು. ಅವಳು ಹಾಗೆಯೇ ನೋಡಿದಳು. ನೋಡಿ ಮರಳಿ ಕೊಟ್ಟಾಗ ಅವರು ಕೀಲನ್ನು ಮಸಿಯ ಗುರುತಿಗೆ ತಂದು ಮತ್ತೆ ಕಣ್ಣಿಗೆ ಹಚ್ಚಿದರು.