ಇಂಚು, ಸೆಂಟ್ಸು, ಸೊನ್ನೆ

ದೇವರಮನೆ ಗುಡ್ಡಕ್ಕೆ ಹೋಗಿ ಬಂದವರಲ್ಲಿ ಅನೇಕರು ಒಂದೇ ಮಾತು ಹೇಳುತ್ತಾರೆ: ಅಲ್ಲಿಗೆ ಹೋದ ಮೇಲೆ ನಾನು ಮೊದಲಿನ ಹಾಗಿಲ್ಲ. ಮೂಡಿಗೆರೆಯಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಆ ಜಾಗದಲ್ಲಿ ಹಾಗೆ ಹೇಳಿಸುವಂಥದ್ದು ಬೇಕಾದಷ್ಟಿದೆ. ಬೋಳು ನೆತ್ತಿಯ ಹುಲ್ಲುಗುಡ್ಡಗಳು, ಅವುಗಳ ಮಡಿಲಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡು, ಹಳೆಯ ಕಾಲಭೈರವೇಶ್ವರ ದೇವಸ್ಥಾನ, ಪಕ್ಕದಲ್ಲೊಂದು ಕೆರೆ, ಪಡುವಣಕ್ಕೆ ಚಾರ್ಮಾಡಿಯ ಕಡೆಗೆ ನೆಲವೇ ಮುಗಿದು ಹೋಯಿತೋ ಎನ್ನುವಂಥ ಇಳಿಜಾರು. ಆದರೂ ಆ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನೋಟ ಮನುಷ್ಯನಿಗೆ ಖುಷಿ ಕೊಡುತ್ತದೆ, ಮನುಷ್ಯನನ್ನು ತಿದ್ದುವುದಿಲ್ಲ. ತಿದ್ದುವಂತಿದ್ದರೆ ಭಾನುವಾರ ಸಂಜೆ ಆ ಗುಡ್ಡದ ಮೇಲೆ ಅಷ್ಟೊಂದು ಖಾಲಿ ಬಾಟಲಿ ಬಿದ್ದಿರುತ್ತಿರಲಿಲ್ಲ. ಒಂದು ಜಾಗ ನಮ್ಮನ್ನು ರೂಪಿಸಬೇಕಾದರೆ ಅದು ನಮ್ಮಿಂದ ದಿನಾ ಏನಾದರೊಂದು ಕೆಲಸ ವಸೂಲಿ ಮಾಡಬೇಕು. ಸಣ್ಣದಾದರೂ ಸರಿ, ತಪ್ಪಿಸುವಂತಿರಬಾರದು. ಈ ವಾದಕ್ಕೆ ಪುರಾವೆಯಾಗಿ ಕಾಫಿ ಸೀಮೆಯದೇ ಒಂದು ಹವ್ಯಾಸವನ್ನು ಮುಂದಿಡುತ್ತೇನೆ. ನನಗೆ ಬಹಳ ಪ್ರಿಯವಾದದ್ದು, ಹೊರಗಿನವರಿಗೆ ಹವ್ಯಾಸ ಎನ್ನಿಸಿಕೊಳ್ಳುವುದಕ್ಕೂ ಯೋಗ್ಯವಲ್ಲ ಎಂದು ಕಾಣುವಂಥದ್ದು: ಮಳೆ ಅಳೆಯುವುದು.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಎಲ್ಲೇ ಹೋಗಿ, ಸ್ವಲ್ಪ ಹಳೆಯ ತೋಟವಾದರೆ ಕಣದ ಅಂಚಿನಲ್ಲೋ ಬಂಗಲೆಯ ಮುಂದಿನ ಹುಲ್ಲಿನಲ್ಲೋ ಒಂದು ಮಳೆಮಾಪಕ ಇದ್ದೇ ಇರುತ್ತದೆ. ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ. ಐದು ಇಂಚು ಬಾಯಗಲದ ಒಂದು ಆಲಿಕೆ, ಅದರ ಕೆಳಗೆ ನೀರು ಹಿಡಿಯುವ ಬಾಟಲಿ, ಎರಡನ್ನೂ ಹೊತ್ತ ಒಂದು ಡಬ್ಬಿ, ಜೊತೆಗೆ ಗೆರೆ ಕೊರೆದ ಅಳತೆಯ ಗಾಜು. ಆಲಿಕೆಯ ಅಂಚು ಚೂಪಾಗಿರಬೇಕು, ಬಿದ್ದ ಹನಿ ಒಳಗಿನದೋ ಹೊರಗಿನದೋ ಎಂದು ಅಲ್ಲೇ ತೀರ್ಮಾನವಾಗಬೇಕು. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿ ಇಡಬೇಕು, ಇಲ್ಲದಿದ್ದರೆ ಅಳೆದದ್ದು ಮಳೆಯನ್ನಲ್ಲ, ಸಿಲ್ವರ್ ಓಕಿನ ಎಲೆ ಉದುರಿಸಿದ ನೀರನ್ನು. ಬೆಳಿಗ್ಗೆ ಒಂದೇ ಹೊತ್ತಿಗೆ ಬಾಟಲಿ ತೆಗೆದು ಗಾಜಿಗೆ ಸುರಿದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕು. ಗಾಜಿನ ಗೋಡೆಗೆ ತಾಗಿದಲ್ಲಿ ನೀರು ಸ್ವಲ್ಪ ಮೇಲೇರಿ ನಿಂತಿರುತ್ತದೆ. ಓದಬೇಕಾದದ್ದು ಆ ಅಂಚನ್ನಲ್ಲ, ನಡುವಿನ ತಗ್ಗನ್ನು. ಆರಿದ್ರಾ ಮಳೆಯ ಹೊಡೆತಕ್ಕೆ ಗಾಜು ಒಂದೇ ಸಲಕ್ಕೆ ಸಾಲದು, ತುಂಬಿ ಚೆಲ್ಲಿ, ತುಂಬಿ ಚೆಲ್ಲಿ ಲೆಕ್ಕ ಹಿಡಿಯಬೇಕಾಗುತ್ತದೆ. ಒಂದೊಂದು ರಾತ್ರಿ ಬಾಟಲಿಯೇ ಉಕ್ಕುವ ಭಯ. ಆಗ ಕೊಡೆ ಹಿಡಿದು ನಡುರಾತ್ರಿ ಎದ್ದು ಹೋಗುವವರೂ ಇದ್ದಾರೆ, ಹೋಗದೆ ಮಲಗಿ ಬೆಳಿಗ್ಗೆ ಅಂದಾಜು ಬರೆಯುವವರೂ ಇದ್ದಾರೆ. ದೇಶದ ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಪ್ಲಾಂಟರುಗಳ ಬಾಯಲ್ಲಿ ಇಂದಿಗೂ ಇಂಚು. ಇಂಚಿನ ನೂರರಲ್ಲೊಂದು ಭಾಗ ಸೆಂಟ್ಸ್. ಮಳೆಗಾಲದ ಬೆಳಗಿನ ಫೋನಿನಲ್ಲಿ ಆರೋಗ್ಯ ವಿಚಾರಿಸುವುದಕ್ಕೂ ಮೊದಲು ಬರುವ ಪ್ರಶ್ನೆ, "ನಿಮ್ಮಲ್ಲಿ ಎಷ್ಟಾಯ್ತು?" ಉತ್ತರ, "ಎರಡು ಇಂಚು ಮೂವತ್ತು ಸೆಂಟ್ಸ್." ಆ ಉತ್ತರದಲ್ಲಿ ಒಂದಿಷ್ಟು ಹೆಮ್ಮೆ ಇಣುಕಿದರೆ ಅದನ್ನು ಕ್ಷಮಿಸಬೇಕು, ತಾನು ಸುರಿಸದ ಮಳೆಗೆ ಜಂಬ ಪಡುವುದು ಮಲೆನಾಡಿನವರ ನಿರುಪದ್ರವಿ ದೌರ್ಬಲ್ಯ.

ಇದು ವ್ಯವಹಾರ, ಹವ್ಯಾಸ ಹೇಗಾದೀತು ಎಂದು ಯಾರಾದರೂ ತಕ್ಷಣ ಕೇಳಬಹುದು. ಶುರುವಾದದ್ದು ವ್ಯವಹಾರದಿಂದಲೇ. ಕಾಫಿ ಗಿಡದ ಮೊಗ್ಗು ಬೇಸಿಗೆಯಲ್ಲಿ ನಿದ್ದೆ ಹೋಗಿರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಒಂದು ಹದವಾದ ಹೂಮಳೆ, ಹತ್ತಿರ ಹತ್ತಿರ ಒಂದು ಇಂಚು, ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮೂವತ್ತು ಸೆಂಟ್ಸ್ ಬಿದ್ದು ನಿಂತರೆ ಮೊಗ್ಗು ಅರ್ಧ ಎಚ್ಚರವಾಗಿ ಕೆಡುತ್ತದೆ. ಹೂ ಬಿಟ್ಟ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ಅದರಲ್ಲೂ ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಗಾಳಿ ಮತ್ತು ಜೇನು ಬಂದೇ ಆಗಬೇಕು. ಹೂ ಕಚ್ಚಿದ ಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರದಿದ್ದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ. ಆದ್ದರಿಂದ ಮಾರ್ಚ್ ತಿಂಗಳಲ್ಲಿ ಸೆಂಟ್ಸಿನ ಲೆಕ್ಕ ಎಂದರೆ ಮುಂದಿನ ವರ್ಷದ ಫಸಲಿನ ಲೆಕ್ಕ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ಲೆಕ್ಕ. ಸರಿ. ಆದರೆ ಜುಲೈ ತಿಂಗಳಲ್ಲಿ ಗದ್ದೆ, ತೋಟ, ರಸ್ತೆ ಎಲ್ಲ ಒಂದಾಗಿ ಹರಿಯುವಾಗ ನಿನ್ನೆ ಬಿದ್ದದ್ದು ನಾಲ್ಕು ಇಂಚು ಹತ್ತೋ ನಾಲ್ಕು ಇಂಚು ಹದಿನಾಲ್ಕೋ ಎಂಬುದರಿಂದ ಯಾವ ಬೆಳೆಗಾರನಿಗೂ ಕಾಸಿನ ಲಾಭವಿಲ್ಲ. ಆದರೂ ಆ ನಾಲ್ಕು ಸೆಂಟ್ಸಿಗಾಗಿ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತುತ್ತಾನೆ. ಉಪಯೋಗ ಮುಗಿದ ಮೇಲೂ ಮುಂದುವರಿಯುವ ನಿಖರತೆಗೆ ಹವ್ಯಾಸ ಎನ್ನದೆ ಬೇರೇನು ಹೇಳುವುದು? ಇಂಥ ವಿಚಿತ್ರ ಜನ ನಮ್ಮಲ್ಲಿ ಮಾತ್ರ ಇರುವುದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಉಗ್ರಾಣದಲ್ಲಿ ಒಂದು ಅರತ್ನಿ ಬಾಯಗಲದ ಪಾತ್ರೆಯನ್ನು ಮಳೆ ಅಳೆಯಲು ಇಡಬೇಕೆನ್ನುತ್ತದೆ. ಅದು ಕಂದಾಯದ ಬುದ್ಧಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಸೈಮನ್ಸ್ ಎಂಬಾತ ಊರೂರಿನ ಪಾದ್ರಿಗಳು, ಮಾಸ್ತರುಗಳು, ಜಮೀನುದಾರರನ್ನು ಹಿಡಿದು ಮಳೆ ಅಳೆಯಲು ಹಚ್ಚಿದ. ಅದು ಶುದ್ಧ ಚಟ. ನಮ್ಮ ತೋಟಗಳಲ್ಲಿ ಕಾಣುವ ಮಾಪಕಕ್ಕೆ ಆತನದೇ ಹೆಸರು.

ಈ ಚಟ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ನನ್ನ ವಾದದ ಮುಖ್ಯ ಭಾಗ. ಮೊದಲನೆಯದಾಗಿ ಅದು ಸೊನ್ನೆ ಬರೆಯುವುದನ್ನು ಕಲಿಸುತ್ತದೆ. ಜನವರಿಯ ಇಡೀ ತಿಂಗಳು ಮೋಡದ ಸುಳಿವಿಲ್ಲ, ಆದರೂ ರಿಜಿಸ್ಟರಿನಲ್ಲಿ ಒಂದೊಂದು ದಿನದ ಮುಂದೆ ಒಂದೊಂದು ಸೊನ್ನೆ ಬೀಳಬೇಕು. ಖಾಲಿ ಬಿಟ್ಟ ಮನೆಯೂ ಸೊನ್ನೆ ಬರೆದ ಮನೆಯೂ ಒಂದೇ ಅಲ್ಲ: ಖಾಲಿ ಎಂದರೆ ಯಾರೂ ನೋಡಲಿಲ್ಲ, ಸೊನ್ನೆ ಎಂದರೆ ನೋಡಿದರು, ಇರಲಿಲ್ಲ. ಏನೂ ಆಗದ ದಿನವನ್ನೂ ಎದ್ದು ಹೋಗಿ ನೋಡುವ ಈ ಶಿಸ್ತು ಬೇರೆ ಎಲ್ಲಿ ಅಷ್ಟು ಅಗ್ಗವಾಗಿ ಸಿಗುತ್ತದೋ ಕಾಣೆ. ಎರಡನೆಯದಾಗಿ, ನೆನಪಿನ ಮೇಲೆ ಒಂದು ಆರೋಗ್ಯಕರ ಅನುಮಾನ ಹುಟ್ಟುತ್ತದೆ. ಮಲೆನಾಡಿನ ಯಾವ ಜಗಲಿಯಲ್ಲಿ ಕೂತರೂ ಕೇಳುವ ಮಾತು, "ಮುಂಚಿನ ಮಳೆ ಈಗೆಲ್ಲಿ ಬರುತ್ತೆ?" ಚಿಕ್ಕ ಪುಷ್ಯ ದೊಡ್ಡ ಪುಷ್ಯದಲ್ಲಿ ವಾರಗಟ್ಟಲೆ ಸೂರ್ಯನನ್ನೇ ಕಾಣದ ಕಾಲವನ್ನು ಎಲ್ಲರೂ ಕಂಡವರೇ. ಪುಸ್ತಕ ತೆರೆದರೆ ಕತೆ ಅಷ್ಟು ಸರಳವಾಗಿ ಉಳಿಯುವುದಿಲ್ಲ. ವರ್ಷದ ಮೊತ್ತ ಹೆಚ್ಚು ಬದಲಾಗದೆಯೂ ಮಳೆ ಬದಲಾಗಿರಬಹುದು, ತಿಂಗಳಿಡೀ ಹರಡಿ ಬೀಳುತ್ತಿದ್ದದ್ದು ಕೆಲವೇ ದಿನಗಳಲ್ಲಿ ಒಟ್ಟಾಗಿ ಬಂದಿರಬಹುದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ ತೋಟ ಕೊಚ್ಚಿಹೋದಾಗ ಕೇಳಬೇಕಾಗಿದ್ದ ಪ್ರಶ್ನೆ ವರ್ಷಕ್ಕೆ ಎಷ್ಟು ಬಿತ್ತು ಎಂಬುದಲ್ಲ, ಆ ಮೂರ್ನಾಲ್ಕು ದಿನಕ್ಕೆ ಎಷ್ಟು ಬಿತ್ತು ಎಂಬುದು. ಎಕರೆಗೆ ಒಂದು ಇಂಚು ಎಂದರೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು. ಹತ್ತಾರು ಇಂಚನ್ನು ಹೊತ್ತ ಇಳಿಜಾರಿನ ಸ್ಥಿತಿ ಏನೆಂದು ಅಳೆಯುವವನಿಗೆ ಗುಣಿಸದೆಯೇ ಗೊತ್ತಾಗುತ್ತದೆ. ಮತ್ತೊಂದು ಪರಿಣಾಮ ನನಗೆ ಇನ್ನೂ ಇಷ್ಟ. ತನ್ನ ಅಂಗಳದ್ದೇ ಲೋಕದ ಮಳೆ ಎಂಬ ಭ್ರಮೆ ಅಳೆಯುವವನಿಗೆ ಇರುವುದಿಲ್ಲ. ಕೊಟ್ಟಿಗೆಹಾರದ್ದು ಮೂಡಿಗೆರೆಯ ಮಳೆಯಲ್ಲ, ಮೂಡಿಗೆರೆಯದ್ದು ಗೋಣಿಬೀಡಿನದಲ್ಲ. ದೇವರಮನೆಯ ಸಾಲಿನ ಪಡುವಣಕ್ಕೆ ಬಿದ್ದದ್ದು ನೇತ್ರಾವತಿ ಸೇರಿ ಮಂಗಳೂರಿಗೆ, ಮೂಡಣಕ್ಕೆ ಬಿದ್ದದ್ದು ಹೇಮಾವತಿ ಹಿಡಿದು ಕಾವೇರಿಗೆ, ಕಳಸದ ಕಡೆ ಬಿದ್ದದ್ದು ಭದ್ರೆಯಾಗಿ ತುಂಗೆಯ ಜೊತೆ ಕೃಷ್ಣೆಗೆ. ಪಕ್ಕದ ತೋಟದವನಿಗೆ ಫೋನು ಮಾಡಿ ಕೇಳುವುದು ಬರೀ ಹರಟೆಯಲ್ಲ, ತನ್ನ ಅಳತೆ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯುವ ದಾರಿ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಜಾಗ ಮನುಷ್ಯನನ್ನು ರೂಪಿಸಿತು ಎನ್ನುವುದು ಹಿಂದುಮುಂದಾದ ಲೆಕ್ಕ, ಅಂಥ ಸ್ವಭಾವದವನು ಅಂಥ ಜಾಗವನ್ನು ಹುಡುಕಿಕೊಂಡು ಹೋಗುತ್ತಾನೆ ಅಷ್ಟೆ ಎಂಬುದು. ಈ ಸೀಮೆಯಲ್ಲಿ ಇದಕ್ಕೆ ಉದಾಹರಣೆಯೂ ಸಿದ್ಧವಾಗಿದೆ, ಪೂರ್ಣಚಂದ್ರ ತೇಜಸ್ವಿ. 1938ರಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ತೇಜಸ್ವಿ, ನೌಕರಿಯ ದಾರಿ ಬಿಟ್ಟು ಮೂಡಿಗೆರೆಗೆ ಬಂದು ಕಾಫಿ ಬೆಳೆಯಲು ಕೂತರು. 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಬರುವಾಗಲೇ ಅವರಿಗೆ ಕಾಡಿನ ಹುಚ್ಚು ಇತ್ತಲ್ಲ ಎಂದರೆ ಇತ್ತು, ಒಪ್ಪಿದೆ. ಆದರೆ ಹುಚ್ಚು ಒಂದು ಕಡೆ, ಕಸುಬು ಇನ್ನೊಂದು ಕಡೆ. ಗಾಳ ಹಾಕಿ ಕೂರುವುದು, ಹಕ್ಕಿಯ ಒಂದು ಪಟಕ್ಕಾಗಿ ಗಂಟೆಗಟ್ಟಲೆ ಕಾಯುವುದು, ಆಳುಗಳ ಜೊತೆ, ತೋಟದ ರೋಗಗಳ ಜೊತೆ ಹೆಣಗುವುದು ಇವೆಲ್ಲ ದಶಕಗಟ್ಟಲೆ ದಿನಾ ನಡೆದದ್ದು ಮೂಡಿಗೆರೆಯಲ್ಲಿ. 1980ರ 'ಕರ್ವಾಲೊ' ಕಾದಂಬರಿಯನ್ನೇ ನೋಡಿ. ಹಾರುವ ಓತಿಯನ್ನು ಹುಡುಕುವ ವಿಜ್ಞಾನಿಗೆ ಅಲ್ಲಿ ನೆರವಾಗುವವನು ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಮಂದಣ್ಣ. ಅವನ ಅರ್ಹತೆ ಎಂದರೆ ಜೇನಿನ ಹಿಂದೆ ಕಾಡು ಅಲೆದ ಕಣ್ಣು. ಪುಸ್ತಕ ಓದಿದವನಿಗೆ ಓತಿಯ ಹೆಸರು ಗೊತ್ತು, ಅಲೆದವನಿಗೆ ಓತಿ ಕಾಣುತ್ತದೆ. ಇದನ್ನು ತೇಜಸ್ವಿ ಪಾತ್ರದ ಬಾಯಲ್ಲಿ ಉಪದೇಶವಾಗಿ ಹೇಳಿಸಲಿಲ್ಲ, ಕತೆಯ ಕೀಲನ್ನೇ ಅದರ ಮೇಲಿಟ್ಟರು. ಒಲವು ಜಾಗವನ್ನು ಆರಿಸಿತು ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೇ: ಆರಿಸಿಕೊಂಡದ್ದು ಮೊದಲ ದಿನ, ಆಮೇಲಿನದೆಲ್ಲ ಜಾಗದ್ದೇ ಮೇಲುಗೈ. ಮಳೆಗಾಲ ಮುಗಿಯುವ ಮೊದಲೇ ವಾಪಸ್ ಹೊರಟುಹೋದ ಕಾಡುಪ್ರೇಮಿಗಳೂ ಉಂಟಲ್ಲ, ಅವರಿಗೇನು ಒಲವು ಕಡಿಮೆ ಇತ್ತೇ?

ಇನ್ನೊಂದು ಆಕ್ಷೇಪ ತೇಜಸ್ವಿಯವರ ಮನೆಯಿಂದಲೇ ಎದ್ದು ಬರುತ್ತದೆ. ಅವರ ತಂದೆ ಕುವೆಂಪು ಬಾಳಿನ ಹೆಚ್ಚು ಪಾಲು ಇದ್ದದ್ದು ಮೈಸೂರಿನಲ್ಲಿ. 'ಮಲೆಗಳಲ್ಲಿ ಮದುಮಗಳು' ಹೊರಬಂದದ್ದು 1967ರಲ್ಲಿ, ಬಾಲ್ಯದ ಊರು ಕುಪ್ಪಳಿ ಬಿಟ್ಟು ಎಷ್ಟೋ ದಶಕಗಳಾದ ಮೇಲೆ. ದಿನಾ ಅಳೆಯದೆಯೂ ಮಲೆನಾಡು ಅವರೊಳಗೆ ಉಳಿಯಿತಲ್ಲ, ಬಾಲ್ಯದ ನೋಟವೇ ಸಾಕಾಯಿತಲ್ಲ ಎಂದು ಕೇಳಬಹುದು. ಬಾಲ್ಯ ಸಾಕಾಯಿತು, ನಿಜ. ಆದರೆ ಬಾಲ್ಯದ್ದು ನೋಟ ಮಾತ್ರವಲ್ಲ. ಮಲೆನಾಡಿನ ಹುಡುಗ ಕಾಡನ್ನು ನೋಡುವುದಿಲ್ಲ, ಅದರೊಳಗೆ ಕೆಲಸದ ಮೇಲೆ ಓಡಾಡುತ್ತಾನೆ: ದನ ಹುಡುಕಲು, ಏಡಿ ಹಿಡಿಯಲು, ದೊಡ್ಡವರ ಶಿಕಾರಿಯ ಹಿಂದೆ. ಆ ಕಾದಂಬರಿಯಲ್ಲಿ ಇಂಬಳ ಹತ್ತುವ ದಾರಿ, ಕಂಬಳಿಕೊಪ್ಪೆಯಿಂದ ಇಳಿಯುವ ನೀರು, ಕತ್ತಲಲ್ಲಿ ಕಾಲಿಗೆ ಸಿಗುವ ಬೇರು ಇವೆಲ್ಲ ಅಷ್ಟು ಖಚಿತವಾಗಿರುವುದು ಕಾಲು ಕಲಿತದ್ದನ್ನು ಬರೆದದ್ದರಿಂದ. ಹಾಗಾಗಿ ಕುವೆಂಪು ನನ್ನ ವಾದಕ್ಕೆ ಅಡ್ಡ ಬರುವುದಿಲ್ಲ. ಜಾಗ ತನ್ನ ವಸೂಲಿಯನ್ನು ಬೇಗ ಶುರುಮಾಡಿದರೆ ಬೇಗ ಮುಗಿಸಲೂಬಹುದು ಎಂದು ಮಾತ್ರ ತೋರಿಸುತ್ತಾರೆ.

ನನಗೆ ಪೂರ್ತಿ ಉತ್ತರ ಕೊಡಲಾಗದ ಆಕ್ಷೇಪ ತೋಟದ ಆಳುಗಳು ವಾಸಿಸುವ ಲೈನುಗಳ ಕಡೆಯಿಂದ ಬರುವಂಥದ್ದು. ಮಳೆ ಅಳೆಯುವುದು ಬಂಗಲೆಯ ಹವ್ಯಾಸ, ನೆನೆಯುವುದು ಆಳುಗಳ ಪಾಲು. ಪ್ಲಾಸ್ಟಿಕ್ ಹೊದ್ದು ಗೊಬ್ಬರ ಹಾಕುವ, ಕಳೆ ತೆಗೆಯುವ ಹೆಂಗಸಿಗೆ ಮೂರು ಇಂಚಿನ ಮಳೆಯೂ ಒಂದೂವರೆ ಇಂಚಿನ ಮಳೆಯೂ ಹೇಗೆ ಬೇರೆ ಎಂಬುದು ಗಾಜಿನ ಸಹಾಯವಿಲ್ಲದೆ ಗೊತ್ತು. ಒಂದರಲ್ಲಿ ಕೆಲಸ ನಿಲ್ಲುತ್ತದೆ, ಅದರ ಜೊತೆ ಅಂದಿನ ಕೂಲಿಯೂ ನಿಂತುಹೋಗಬಹುದು. ಆ ತಿಳುವಳಿಕೆ ಯಾವ ರಿಜಿಸ್ಟರಿಗೂ ಹತ್ತಿಲ್ಲ. ಅವರನ್ನೂ ಈ ಜಾಗ ರೂಪಿಸಿದೆ, ಅದೂ ದಿನನಿತ್ಯದ ಕೆಲಸದಿಂದಲೇ ಎನ್ನುವಾಗ ನನ್ನ ವಾದ ಗೆದ್ದಂತೆ ಕಾಣಬಹುದು. ಆದರೆ ಹವ್ಯಾಸದಲ್ಲಿ ಬಿಡುವಿನ ಸವಿ ಇರುತ್ತದೆ, ಬೇಡವೆಂದರೆ ಬಿಡುವ ಸ್ವಾತಂತ್ರ್ಯ ಇರುತ್ತದೆ. ಆ ಎರಡೂ ಇಲ್ಲದೆ ಜಾಗ ಮನುಷ್ಯನನ್ನು ಕಟ್ಟಿತೋ ಸವೆಸಿತೋ ಎಂದು ಹೇಳುವ ಹಕ್ಕು ಕೊಡೆ ಹಿಡಿದು ಅಳೆಯುವವನಿಗೆ ಇದೆಯೆಂದು ನನಗನ್ನಿಸುವುದಿಲ್ಲ. ಒಂದು ಮಾತು ಮಾತ್ರ ಸೇರಿಸಬೇಕು. ಎಷ್ಟೋ ತೋಟಗಳಲ್ಲಿ ದಿನಾ ಗಾಜು ಎತ್ತಿ ನೋಡಿದವರು ಧಣಿಗಳಲ್ಲ, ತೋಟದ ಲೆಕ್ಕ ಬರೆಯುವ ರೈಟರುಗಳು. ಧಣಿ ಊರಲ್ಲಿಲ್ಲದ ದಿನವೂ ಆ ಅಂಕಣ ಖಾಲಿ ಬಿಟ್ಟವರಲ್ಲ.

ಈಗ ಯಂತ್ರದ ಮಾತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಮಾಪಕಗಳನ್ನು ಇಟ್ಟಿದೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಇನ್ನು ಕೊಡೆ ಹಿಡಿದು ಹೋಗುವುದೇಕೆ? ಗುಡ್ಡ ಜರಿಯುವ ಮುನ್ಸೂಚನೆಗೆ ಆ ಯಂತ್ರವೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಪಂಚಾಯಿತಿಗೆ ಒಂದು ಮಾಪಕವಿದ್ದರೂ ಕಣಿವೆಗೆ ಒಂದೊಂದು ಮಳೆ ಇರುವ ಸೀಮೆ ಇದು. ಯಂತ್ರದ ಲೆಕ್ಕಕ್ಕೆ ಹಿಂದಿನ ಕಾಲವೂ ಹೆಚ್ಚಿಲ್ಲ. ಆ ಹಿಂದಿನ ಕಾಲ ಇರುವುದು ತೋಟಗಳ ಕಪಾಟಿನಲ್ಲಿ, ನೀಲಿ ಶಾಯಿಯಲ್ಲಿ, ಕೈಯಿಂದ ಕೈಗೆ ಬರಹ ಬದಲಾದ ರಿಜಿಸ್ಟರುಗಳಲ್ಲಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ಇವರಲ್ಲಿ ಯಾರಾದರೂ ಮನೆಮನೆಗೆ ಹೋಗಿ ಆ ಪುಸ್ತಕಗಳನ್ನು ಪಟ ತೆಗೆದಿಟ್ಟರೆ ನೂರಾರು ಅಂಗಳಗಳ ಮಳೆ ಒಂದು ಕಡೆ ಸೇರುತ್ತದೆ. ತೋಟಗಳು ಹೋಂಸ್ಟೇಗಳಾಗಿ, ಸೈಟುಗಳಾಗಿ ಕೈ ಬದಲಾಗುತ್ತಿವೆ. ಮಾರುವವರು ಹಿತ್ತಾಳೆ ಆಲಿಕೆಯನ್ನು ನೆನಪಿಗೆಂದು ಒಯ್ಯುತ್ತಾರೆ, ಪುಸ್ತಕಗಳನ್ನು ಗುಜರಿಯವನಿಗೆ ಕೆಜಿ ಲೆಕ್ಕದಲ್ಲಿ ಹಾಕುತ್ತಾರೆ.