ನೀರುಗಂಟಿಯ ಪಾಲು
ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ – ಎತ್ತ ಹೊರಟರೂ ಒಂದಲ್ಲ ಒಂದು ಕೆರೆ ಏರಿ ಎದುರಾಗುತ್ತದೆ. ಜೀವನದಿಯಿಲ್ಲದ ಈ ಸೀಮೆಯನ್ನು ಸಾಕಿದ್ದು ಕೆರೆಗಳು. ಕೆರೆಗಳನ್ನು ಕಾದವರು ನೀರುಗಂಟಿಗಳು. ಮಳೆಗಾಲದ ರಾತ್ರಿಗಳಲ್ಲಿ ಏರಿ ಕಾಯುವುದು, ತೂಬೆತ್ತಿ ಕಡೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು ಅವರ ಕೆಲಸ. ನೀರಿನ ಒತ್ತಡ ತಳದಲ್ಲೇ ಹೆಚ್ಚೆಂದು ನಾವು ಬೋರ್ಡಿನ ಮೇಲೆ ಚಿತ್ರ ಬರೆಯುತ್ತೇವೆ; ಅವರು ಏರಿಯ ಬುಡದ ಒಸರು ನೋಡಿಯೇ ಅರಿಯುತ್ತಿದ್ದರು. ಸುಗ್ಗಿಯಲ್ಲಿ ರೈತರು ಕಣದಲ್ಲೇ ‘ಆಯ’ವೆಂಬ ಧಾನ್ಯದ ಪಾಲು ಅಳೆದುಕೊಡುತ್ತಿದ್ದರು.

ಕೊಳವೆಬಾವಿಗಳು ಬಂದವು, ಆಯ ನಿಂತಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಆದರೆ ಅದು ಅಂತರ್ಜಲಕ್ಕೆ ಮೀಸಲು, ತೂಬಿಗೆ ಕೆಲಸವಿಲ್ಲ. ಕೋಡಿ ಬಿದ್ದ ಕೆರೆಗೆ ಬಾಗಿನ ಬಿಡುವವರು ಊರಿನ ಹಳೆಯ ನೀರುಗಂಟಿಯನ್ನೂ ಏರಿಗೆ ಕರೆಯಲಿ. ಹಾರ ಬೇಡ, ಒಂದು ಮೊರ ರಾಗಿ ಸಾಕು.